ನೀರುಳ್ಳಿಯ ಹಳದಿ ಬಣ್ಣವು ಎಲ್ಲಿಗೆ ಹೋಗುತ್ತದೆ?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ನೀರುಳ್ಳಿ ಸಿಪ್ಪೆಯ ಪಾಠವು ನೆನಪಿರಬಹುದು. ಸಿಪ್ಪೆಯನ್ನು ಕುದಿಸಿ, ಪಟಿಕ ಬೆರೆಸಿ, ಬಿಳಿಯ ಬಟ್ಟೆಯ ತುಂಡನ್ನು ಅದ್ದಿದಾಗ ಅದು ಹಳದಿಯಾದದ್ದನ್ನು ಕಂಡು ಹಿಂದಿನ ಬೆಂಚಿನ ಒಬ್ಬ ಹುಡುಗಿಯು, "ಟೀಚರೇ, ನಾವು ತಿಂದ ನೀರುಳ್ಳಿಯ ಬಣ್ಣವು ಹೊಟ್ಟೆಯೊಳಗೆ ಏನಾಗುತ್ತದೆ?" ಎಂದು ಕೇಳಿದಳು. ಇಲಿಗಳ ಮೇಲೆ ಮಾಡಿದ ಪರೀಕ್ಷೆಗಳ ವಿಷಯವನ್ನು ಆಗತಾನೇ ಓದಿದ್ದ ನಾವು ಅದನ್ನೇ ವಿವರಿಸಿ, "ನಮ್ಮಲ್ಲಿಯೂ ಹಾಗೆಯೇ" ಎಂದು ಮುಗಿಸಿಬಿಟ್ಟೆವು. ಆ ಕಡೆಯ ಮಾತು ಸರಿಯಾದದ್ದಾಗಿರಲಿಲ್ಲ. ಅದನ್ನು ತಿದ್ದುವದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಆ ಬಣ್ಣದ ಹೆಸರು ಕ್ವೆರ್ಸೆಟಿನ್. ಅದು ಸಸ್ಯಗಳಲ್ಲಿರುವ ಫ್ಲೇವೊನಾಯ್ಡ್ ಎಂಬ ದ್ರವ್ಯಗಳ ವರ್ಗಕ್ಕೆ ಸೇರಿದ್ದು. ನೀರುಳ್ಳಿಯ ತಿರುಳಿನಲ್ಲಿ ಅದು ಸಕ್ಕರೆಯೊಡನೆ ಕೂಡಿಕೊಂಡಿರುತ್ತದೆ. ಇಲಿಯು ಅದನ್ನು ತಿಂದರೆ ಕರುಳಿನಲ್ಲಿ ಸಕ್ಕರೆಯು ಕಳಚುತ್ತದೆ. ಒಳಗೆ ಸೇರಿದ ಬಣ್ಣಕ್ಕೆ ಕರುಳಿನ ಗೋಡೆಯೂ ಯಕೃತ್ತೂ ಗ್ಲುಕ್ಯುರಾನಿಕ್ ಆಮ್ಲವನ್ನಾಗಲಿ ಸಲ್ಫೇಟನ್ನಾಗಲಿ ಅಂಟಿಸಿ, ನೀರಿನಲ್ಲಿ ಕರಗಿ ಹೊರಗೆ ಹೋಗುವಂತೆ ಮಾಡುತ್ತವೆ. ಆದಕಾರಣ ರಕ್ತದಲ್ಲಿ ಬಿಡಿಯಾದ ಕ್ವೆರ್ಸೆಟಿನ್ ಬಹು ಸ್ವಲ್ಪವೇ. ಇಷ್ಟರ ಮಟ್ಟಿಗೆ ಮನುಷ್ಯರಲ್ಲಿಯೂ ಹಾಗೆಯೇ.

ಭೇದವು ತೋರುವದು ಹೊರಗೆ ಹೋಗುವ ದಾರಿಯಲ್ಲಿ. ಮೂತ್ರವು ಒಂದು ದಾರಿ, ಪಿತ್ತರಸವು ಇನ್ನೊಂದು. ಪ್ರಯೋಗಶಾಲೆಯ ದೊಡ್ಡ ಇಲಿಗೆ ಪಿತ್ತಕೋಶವೇ ಇಲ್ಲ. ಅದರ ಪಿತ್ತರಸವು ಎಡೆಬಿಡದೆ ಕರುಳಿಗೆ ಹರಿಯುತ್ತಿರುತ್ತದೆ. ಚಿಟ್ಟಿಲಿಗೂ ಗಿನಿಯಿಲಿಗೂ ಪಿತ್ತಕೋಶವುಂಟು. ಇದಲ್ಲದೆ, ಎಷ್ಟು ಭಾರದ ಅಣುವು ಪಿತ್ತರಸದ ದಾರಿಯನ್ನು ಹಿಡಿಯುತ್ತದೆಂಬದೂ ಪ್ರಾಣಿಯಿಂದ ಪ್ರಾಣಿಗೆ ಬೇರೆ. 1972ರಲ್ಲಿ ಪ್ರಕಟವಾದ ಅಳತೆಯಂತೆ ಈ ಮೇರೆಯು ದೊಡ್ಡ ಇಲಿಯಲ್ಲಿ ಹೆಚ್ಚುಕಡಿಮೆ 325, ಗಿನಿಯಿಲಿಯಲ್ಲಿ 400. ಕ್ವೆರ್ಸೆಟಿನ್ನಿನ ಅಣುಭಾರ 302. ಒಂದು ಸಲ್ಫೇಟು ಅಂಟಿದರೆ 382. ಲೆಕ್ಕದ ಪ್ರಕಾರ ಅದೇ ವಸ್ತುವು ಒಂದರಲ್ಲಿ ಪಿತ್ತರಸಕ್ಕೂ ಮತ್ತೊಂದರಲ್ಲಿ ಹೆಚ್ಚಾಗಿ ಮೂತ್ರಕ್ಕೂ ಹೋಗತಕ್ಕದ್ದು. ಇದು ಬರಿಯ ಲೆಕ್ಕ. ಮೇರೆಯು ಗೀಟು ಎಳೆದಂತೆ ನಿಖರವಾದದ್ದಲ್ಲ.

ಪಿತ್ತರಸದೊಡನೆ ಕರುಳಿಗೆ ಹಿಂದಿರುಗಿದ್ದು ಅಲ್ಲಿನ ಬ್ಯಾಕ್ಟೀರಿಯಗಳ ಪಾಲಾಗುತ್ತದೆ. ಅವು ಅಂಟಿದ್ದನ್ನು ಬಿಡಿಸಿ, ಬಣ್ಣದ ಅಣುವನ್ನೇ ಮುರಿದು, ಸಣ್ಣ ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ. ಹಳದಿಯು ಅಲ್ಲಿಗೆ ಮುಗಿಯಿತು. ಇಲಿಗೂ ಗಿನಿಯಿಲಿಗೂ ಈ ಕೆಲಸದ ಮುಖ್ಯ ಸ್ಥಳವು ದೊಡ್ಡದಾದ ಕುರುಡುಕರುಳು. ಅಷ್ಟು ಸಾಲದೆ ಅವು ತಮ್ಮ ಹಿಕ್ಕೆಯನ್ನು ತಾವೇ ತಿನ್ನುತ್ತವೆ. ಊಟದ ಹೊತ್ತಿನಲ್ಲಿ ಓದುವವರು ಕ್ಷಮಿಸಬೇಕು, ಆದರೆ ಇದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಹ್ಯಾಮ್‌ಸ್ಟರೆಂಬ ಪ್ರಾಣಿಯ ಜಠರಕ್ಕಾದರೋ ಎರಡು ಕೋಣೆಗಳಿವೆ. ಮೊದಲನೆಯದರಲ್ಲಿಯೇ ಸೂಕ್ಷ್ಮಜೀವಿಗಳು ಆಹಾರದ ಮೇಲೆ ಕೈಹಾಕುತ್ತವೆ.

ಈ ಬ್ಯಾಕ್ಟೀರಿಯಗಳ ಮಹತ್ವವನ್ನು ಸೋಯಾ ಅವರೆಯು ಚೆನ್ನಾಗಿ ತೋರಿಸುತ್ತದೆ. ಅದರಲ್ಲಿರುವ ಡೈಡ್ಜೀನ್ ಎಂಬ ಫ್ಲೇವೊನಾಯ್ಡಿನಿಂದ ಇಲಿಯ ಕರುಳಿನ ಬ್ಯಾಕ್ಟೀರಿಯಗಳು ಈಕ್ವಾಲ್ ಎಂಬ ವಸ್ತುವನ್ನು ಮಾಡುತ್ತವೆ. (ಇದು ಮೊದಲು ದೊರೆತದ್ದು 1932ರಲ್ಲಿ, ಗಬ್ಬದ ಕುದುರೆಯ ಮೂತ್ರದಲ್ಲಿ; ಹೆಸರೂ ಕುದುರೆಯದೇ.) ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗೆ ಸೋಯಾ ತಿನ್ನಿಸಿದರೆ ಈಕ್ವಾಲ್ ಹುಟ್ಟುವದಿಲ್ಲ. ದೊಡ್ಡ ಇಲಿ, ಚಿಟ್ಟಿಲಿಗಳು ಸಾಮಾನ್ಯವಾಗಿ ಎಲ್ಲವೂ ಅದನ್ನು ಮಾಡುತ್ತವೆ. ಮನುಷ್ಯರಲ್ಲಿಯೋ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟು ಜನರು ಮಾತ್ರ. ಇಲಿಗೆ ಸೋಯಾದಿಂದ ಆದ ಗುಣವನ್ನು ಕಂಡು ತಮ್ಮ ಮಕ್ಕಳಿಗೂ ಅದೇ ಆಗುವದೆಂದು ಪುಡಿ ಮಾತ್ರೆಗಳನ್ನು ಕೊಳ್ಳುವ ತಾಯಿತಂದೆಗಳು ಇದನ್ನು ಗಮನಿಸಬೇಕೆಂದು ಬೇಡುತ್ತೇವೆ.

ಆ ಹುಡುಗಿಯು ಈ ಪುಟವನ್ನು ಓದಿದರೆ, ನಾವು ಅಂದು ಕೊಡಬೇಕಾಗಿದ್ದ ಉತ್ತರವಿದು: ನೀನು ತಿಂದ ಬಣ್ಣದಲ್ಲಿ ಸ್ವಲ್ಪವು ವೇಷ ಬದಲಿಸಿಕೊಂಡು ಮೂತ್ರದಲ್ಲಿ ಹೋಗುತ್ತದೆ, ಬಹಳ ಪಾಲನ್ನು ನಿನ್ನ ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಮುರಿಯುತ್ತವೆ, ಯಾವುದು ಎಷ್ಟೆಂಬದು ನಿನ್ನಲ್ಲಿಯೂ ಬೆಂಚಿನಲ್ಲಿ ನಿನ್ನ ಪಕ್ಕಕ್ಕೆ ಕುಳಿತವಳಲ್ಲಿಯೂ ಒಂದೇ ಆಗಿರಬೇಕಾದದ್ದಿಲ್ಲ.