ಶೀಟಿನ ಮನೆಗೆ ಹೊಸ ದೋಣಿ: ಖರ್ಚೋ, ಉಳಿತಾಯವೋ?



ರಾಜಗೋಪಾಲನಗರದ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಮನೆ ರಿಪೇರಿಗೆ ಒಳಸಾಲ ಕೇಳಿದರು. “ಶೀಟಿನ ಅಂಚಿನ ದೋಣಿ ತುಕ್ಕು ಹಿಡಿದು ತೂತು ಬಿದ್ದಿದೆ ಸಿಸ್ಟರ್, ಬದಲಾಯಿಸಬೇಕು” ಅಂದರು. ಪಕ್ಕದಲ್ಲಿದ್ದವರು, “ದೋಣಿಗೂ ಸಾಲವೇನಕ್ಕ? ಮಕ್ಕಳ ಫೀಸಿಗೆ ಕೇಳೋರು ಕಾಯ್ತಿದ್ದಾರೆ” ಎಂದರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಇಂಥ ಬೇಡಿಕೆ ಬಂದಾಗ ನಾವು ಹೇಗೆ ತೀರ್ಮಾನಿಸಬೇಕು ಎಂಬುದೇ ಈ ತಿಂಗಳ ಪಾಠ. ಅಂಗಡಿಯವರು ‘ಗಟರ್’ ಎನ್ನುವುದನ್ನೇ ನಾವಿಲ್ಲಿ ದೋಣಿ ಎಂದಿದ್ದೇವೆ.

ದೋಣಿ ಕೆಟ್ಟರೆ ಏನಾಗುತ್ತದೆ?

ಶೀಟಿನಿಂದ ಇಳಿಯುವ ನೀರು ದಿನವೂ ಒಂದೇ ಜಾಗದಲ್ಲಿ ಬೀಳುತ್ತದೆ. ನೆಲದಿಂದ ಎಗರಿದ ಕೆಸರು ಗೋಡೆಯ ಬುಡಕ್ಕೆ ಹೊಡೆಯುತ್ತದೆ. ಮೊದಲು ಸುಣ್ಣ ಉದುರುತ್ತದೆ, ಆಮೇಲೆ ಗಾರೆ. ಪಾಯದ ಪಕ್ಕದ ಮಣ್ಣು ಕೊಚ್ಚಿಹೋದರೆ ಗೋಡೆ ಬಿರುಕು ಬಿಡಬಹುದು. ಒಳಗೆ ತೇವ ಹಿಡಿದು ಬೂಷ್ಟು ಬೆಳೆದರೆ ಆಸ್ತಮಾ ಇರುವ ಮಕ್ಕಳಿಗೆ, ವಯಸ್ಸಾದವರಿಗೆ ತೊಂದರೆ. ನಮ್ಮ ಕಡೆ ಮನೆಗಳ ಮಧ್ಯೆ ಜಾಗ ಕಡಿಮೆ. ನಮ್ಮ ಶೀಟಿನ ನೀರು ಪಕ್ಕದವರ ಗೋಡೆಗೆ ಬಿದ್ದು ಎಷ್ಟು ಜಗಳಗಳಾಗಿಲ್ಲ?

ಮನೆಯ ಬೆಲೆ ಏರುತ್ತದೆಯೇ?

ನಿಜ ಹೇಳಬೇಕೆಂದರೆ, ಹೊಸ ದೋಣಿ ಹಾಕಿದ್ದಕ್ಕೆಂದು ಯಾರೂ ಹೆಚ್ಚು ಹಣ ಕೊಡುವುದಿಲ್ಲ. ಇಲ್ಲಿ ಬೆಲೆ ನಿಲ್ಲುವುದು ಸೈಟಿನ ಅಳತೆ, ರಸ್ತೆಯ ಅಗಲ, ಖಾತೆ, ಕಾವೇರಿ ನೀರಿನ ಸಂಪರ್ಕ ಇವುಗಳ ಮೇಲೆ. ಆದರೆ ಕೊಳ್ಳಲು ಬಂದವರು ಮೊದಲು ನೋಡುವುದು ಗೋಡೆಯನ್ನು. ತೇವದ ಕಲೆ ಕಂಡರೆ ಚೌಕಾಶಿ ಶುರು. ಬಾಡಿಗೆಗೆ, ಲೀಸಿಗೆ ಬರುವವರೂ ಹಾಗೆಯೇ. ಮಳೆಗಾಲದಲ್ಲಿ ಮನೆ ನೋಡಿದವರು ಮರಳಿ ಬರುವುದಿಲ್ಲ. ಆದ್ದರಿಂದ ದೋಣಿ ಬೆಲೆಯನ್ನು ಏರಿಸುವುದಿಲ್ಲ, ಇರುವ ಬೆಲೆ ಇಳಿಯದಂತೆ ಕಾಯುತ್ತದೆ. ಕಷ್ಟಪಟ್ಟು ಕಟ್ಟಿದ ಮನೆಗೆ ಇದೂ ಒಂದು ಉಳಿತಾಯವೇ.

ಯಾವುದನ್ನು ಆರಿಸೋಣ?

1. ಜಿ.ಐ. ತಗಡು: ಗಟ್ಟಿ. ಅಳತೆ ಕೊಟ್ಟರೆ ಬಗ್ಗಿಸಿ ಕೊಡುತ್ತಾರೆ. ಜೋಡಣೆ ಇರುವಲ್ಲಿ, ಕತ್ತರಿಸಿದ ಅಂಚಿನಲ್ಲಿ ತುಕ್ಕು ಮೊದಲು ಹಿಡಿಯುತ್ತದೆ. ಅಲ್ಲಿ ಬಣ್ಣ ಹೊಡೆಯಲೇಬೇಕು. ಒಂದು ವಿಷಯ ನೆನಪಿಡಿ: ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳು. 24 ಗೇಜ್ ತಗಡು 26 ಗೇಜಿಗಿಂತ ದಪ್ಪ. “ನಂಬರ್ ಜಾಸ್ತಿ, ಕ್ವಾಲಿಟಿ ಜಾಸ್ತಿ” ಎಂದರೆ ನಂಬಬೇಡಿ.

2. ಪಿವಿಸಿ: ಹಗುರ, ತುಕ್ಕಿಲ್ಲ. ಆದರೆ ಅಗ್ಗದ್ದು ಬಿಸಿಲಿಗೆ ಬೇಗ ಸೆಟೆದು ಒಡೆಯುತ್ತದೆ. ಬಿಸಿಲು ತಡೆಯುವಂಥದ್ದನ್ನು ಕೇಳಿ. ಹಣ ಕಡಿಮೆ ಇದ್ದವರು 6 ಇಂಚಿನ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿಕೊಳ್ಳುವುದೂ ಉಂಟು.

3. ಅಲ್ಯೂಮಿನಿಯಂ: ತುಕ್ಕು ಹಿಡಿಯದು, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ಏಣಿ ಒರಗಿಸಿದರೆ ತಗ್ಗು ಬೀಳುತ್ತದೆ.

ಮೂರು ಅಂಗಡಿಗಳಲ್ಲಿ ಕೇಳಿ. ಅಡಿಗೆ ಎಷ್ಟು ಎಂದು ಮಾತ್ರ ಕೇಳಿದರೆ ಸಾಲದು. ಕ್ಲಾಂಪ್, ಬೆಂಡ್, ಇಳಿಪೈಪು, ಕೂಲಿ ಎಲ್ಲ ಸೇರಿಸಿ ಬರೆಸಿಕೊಳ್ಳಿ.

ಕೂರಿಸುವಾಗ

ದೋಣಿ ಮಟ್ಟವಾಗಿ ಇರಬಾರದು. ಇಳಿಪೈಪಿನ ಕಡೆಗೆ 10 ಅಡಿಗೆ ಅರ್ಧದಿಂದ ಒಂದು ಇಂಚು ಇಳಿಜಾರು ಬೇಕು. ಎರಡು ಅಡಿಗೊಂದು ಕ್ಲಾಂಪ್ ಇರಲಿ. ಸುಮಾರು 200 ಚದರಡಿ ಶೀಟಿಗೆ 3 ಇಂಚಿನ ಇಳಿಪೈಪು, 400 ಚದರಡಿಗೆ 4 ಇಂಚಿನದು ಹಾಕಿಸಿ. ಕೆಲಸ ಮುಗಿದ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ, ಆಮೇಲೆ ಕೂಲಿ ಕೊಡಿ.

ನಿಮ್ಮದು ಹಳೆಯ ಸಿಮೆಂಟ್ (ಆಸ್ಬೆಸ್ಟಾಸ್) ಶೀಟಾದರೆ ಹೆಚ್ಚು ಜಾಗ್ರತೆ ಬೇಕು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಶೀಟಿಗೆ ತೂತು ಕೊರೆಯದೆ, ಕ್ಲಾಂಪನ್ನು ಗೋಡೆಗೆ ಅಥವಾ ಕೆಳಗಿನ ಕಂಬಿಗೆ ಹಾಕಿಸಿ. ಅಂಥ ಶೀಟಿನ ಮೇಲೆ ಹತ್ತಬೇಡಿ, ಒಡೆದು ಬೀಳುವ ಅಪಾಯವಿದೆ.

ನೀರು ಎಲ್ಲಿಗೆ?

200 ಚದರಡಿ ಶೀಟಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 470 ಲೀಟರ್ ನೀರು, ಅಂದರೆ 15 ಲೀಟರಿನ 30ಕ್ಕೂ ಹೆಚ್ಚು ಕೊಡ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದದ್ದನ್ನು ನೆನೆಸಿಕೊಳ್ಳಿ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಉಳಿದದ್ದನ್ನು ಡ್ರಮ್ಮಿಗೆ ಹಿಡಿಯಿರಿ. ಬಟ್ಟೆ, ಪಾತ್ರೆ, ಶೌಚಕ್ಕೆ ಸಾಕಾಗುತ್ತದೆ; ಕುಡಿಯಲು ಬೇಡ. ಡ್ರಮ್ಮಿಗೆ ಜಾಲರಿ ಕಟ್ಟಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತೆ. ಇಳಿಪೈಪನ್ನು ಒಳಚರಂಡಿಗೆ ಸೇರಿಸಲೇಬೇಡಿ. ಹಾಗೆ ಸೇರಿಸಲು ಜಲಮಂಡಳಿ ಬಿಡುವುದಿಲ್ಲ. ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಹರಿಯುವುದು ನಮ್ಮ ಬೀದಿಯಲ್ಲೇ. ಹೆಚ್ಚು ತಿಳಿಯಬೇಕಾದ ಸಂಘಗಳು ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರಕ್ಕೆ ಒಟ್ಟಾಗಿ ಹೋಗಿಬರಬಹುದು.

ಸಾಲ ಕೊಡುವ ಮೊದಲು

ಆ ಸದಸ್ಯೆಯ ಮನೆಗೆ ನಾವು ನಾಲ್ವರು ಹೋಗಿ ನೋಡಿದೆವು. ಗೋಡೆಯ ಬುಡದ ಗಾರೆ ಒಂದು ಮೊಳ ಎತ್ತರಕ್ಕೆ ಉದುರಿತ್ತು. ಫೀಸಿನ ಮಾತೆತ್ತಿದ ಅಕ್ಕನೇ ಟೇಪು ಹಿಡಿದು ಅಳತೆ ತೆಗೆದುಕೊಂಡರು. ದೋಣಿಯಲ್ಲಿ ಅರ್ಧ ಭಾಗ ಇನ್ನೂ ಗಟ್ಟಿಯಾಗಿತ್ತು. ಕೆಟ್ಟ ಅರ್ಧಕ್ಕಷ್ಟೇ ಸಾಲ ಸಾಕಾಯಿತು. ಉಳಿದ ಹಣ ಫೀಸಿಗೆ ಕೇಳಿದವರಿಗೆ ಹೋಯಿತು. ಕುಳಿತಲ್ಲೇ ಬೇಡ ಎಂದಿದ್ದರೆ ಒಬ್ಬರಿಗೆ ಅನ್ಯಾಯ, ನೋಡದೆ ಪೂರ್ತಿ ಕೊಟ್ಟಿದ್ದರೆ ಇನ್ನೊಬ್ಬರಿಗೆ ಅನ್ಯಾಯವಾಗುತ್ತಿತ್ತು.

ಬಾಡಿಗೆ ಮನೆಯಲ್ಲಿರುವವರು ಸ್ವಂತ ಸಾಲ ಮಾಡಿ ದೋಣಿ ಹಾಕಿಸಬೇಡಿ. ಮಾಲೀಕರೊಂದಿಗೆ ಮಾತಾಡಿ, ಖರ್ಚನ್ನು ಬಾಡಿಗೆಯಲ್ಲಿ ಕಳೆಯಲು ಒಪ್ಪಿದರೆ ಬರಹದಲ್ಲಿ ಪಡೆಯಿರಿ.

ಮಳೆ ಸುರಿದು ಪ್ರವಾಹ ಬಂದರೂ ಬೀಳದ ಮನೆಯ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ನಮಗೆಲ್ಲ ಗೊತ್ತು. ಬಂಡೆಯ ಮೇಲೆ ಕಟ್ಟಿದವನನ್ನು ಅವರು ಬುದ್ಧಿವಂತ ಎಂದರು. ಮುಂದೆ ಬರುವ ಮಳೆಯನ್ನು ಇಂದೇ ಯೋಚಿಸುವುದೂ ಅದೇ ಬುದ್ಧಿ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಜೋರು. ಅದಕ್ಕೆ ಮೊದಲೇ ದೋಣಿಯ ಕಸ ತೆಗೆಯಿರಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಎಷ್ಟು ಮನೆಗಳ ಗೋಡೆಯ ಬುಡ ತೇವವಾಗಿದೆ?
2. ನಮ್ಮ ಶೀಟಿನ ನೀರು ಯಾರ ಜಾಗಕ್ಕೆ ಬೀಳುತ್ತಿದೆ?
3. ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ಸಾಮಾನು ಕೊಂಡರೆ ಎಷ್ಟು ಉಳಿಯಬಹುದು?