ಕೊಟ್ಟಿಗೆ ಕಾಯುವ ನಾಯಿಯ ನಡವಳಿಕೆ ತಿಳಿದಿರಲಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಹಳ್ಳಿಗಳಲ್ಲಿ ಹಸು ಕಟ್ಟಿದ ಎಷ್ಟೋ ಮನೆಗಳಲ್ಲಿ ನಾಯಿಯೂ ಇರುತ್ತದೆ. ಹಸುವಿಗೆ ಮೇವು, ನಾಯಿಗೆ ಮುದ್ದೆ ಹಾಕುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ. ಹಾಗಾಗಿ ನಾಯಿಯ ನಡವಳಿಕೆ ಬದಲಾದರೆ ಮೊದಲು ಗೊತ್ತಾಗುವುದೂ ನಿಮಗೇ. ಅದನ್ನು ಸಕಾಲದಲ್ಲಿ ಗುರುತಿಸಿದರೆ ಮನೆಯವರ ಜೀವವೂ ರಾಸುಗಳ ಜೀವವೂ ಉಳಿಯುತ್ತವೆ.

ಕಚ್ಚುವ ಮುನ್ನ ಕೊಡುವ ಸೂಚನೆ

ಆರೋಗ್ಯವಾಗಿರುವ ನಾಯಿ ಸಾಮಾನ್ಯವಾಗಿ ಸುಮ್ಮಸುಮ್ಮನೆ ಕಚ್ಚುವುದಿಲ್ಲ. ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಕಿವಿ ಹಿಂದಕ್ಕೆ ಮಡಚುತ್ತದೆ, ಮೈ ಬಿಗಿ ಹಿಡಿಯುತ್ತದೆ. ಆಮೇಲೆ ಗುರುಗುಟ್ಟುತ್ತದೆ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಅದು ಪ್ರೀತಿಯೆಂದು ತಿಳಿಯಬೇಡಿ. ಮೈ ಸಡಿಲಬಿಟ್ಟು ಬಾಲ ಆಡಿಸಿದರೆ ಸ್ನೇಹ. ಮೈ ಸೆಟೆದು, ಬಾಲ ಮೇಲೆತ್ತಿ ಅಲ್ಲಾಡಿಸಿದರೆ ಎಚ್ಚರಿಕೆ. ಗುರುಗುಟ್ಟಿದ್ದಕ್ಕೆ ಹೊಡೆದರೆ, ಮುಂದೆ ಅದು ಸೂಚನೆ ಕೊಡದೆಯೇ ಕಚ್ಚಬಹುದು.

ಮನೆಯಲ್ಲಿ ಹೀಗೆ ಮಾಡಿ

• ನಾಯಿ ತಿನ್ನುವಾಗ, ಮಲಗಿರುವಾಗ, ಮರಿಗಳ ಜೊತೆ ಇರುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ.
• ಹಗಲೂ ರಾತ್ರಿ ಕಟ್ಟಿಹಾಕಬೇಡಿ. ಸದಾ ಕಟ್ಟಿದ ನಾಯಿ ಸಿಡುಕು ಕಲಿಯುತ್ತದೆ.
• ಹೊತ್ತಿಗೆ ಸರಿಯಾಗಿ ಊಟ, ನೀರು ಕೊಡಿ. ಹಸಿ ಮಾಂಸದ ತ್ಯಾಜ್ಯ ಹಾಕಬೇಡಿ.
• ಹಸು ಈದಾಗ ಬಿದ್ದ ಕಸ, ಕಂದು ಹಾಕಿದ ಕರುವನ್ನು ನಾಯಿ ಎಳೆದಾಡದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ.
• ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ. ನಂತರದ ಲಸಿಕೆಗಳನ್ನು ಪಶುವೈದ್ಯರು ಹೇಳಿದ ಸಮಯಕ್ಕೆ, ಪ್ರತಿ ವರ್ಷ ತಪ್ಪದೆ ಹಾಕಿಸಿ. ಜಂತುನಾಶಕವನ್ನೂ ಕೊಡಿಸಿ.

ಸ್ವಭಾವ ಬದಲಾದರೆ

ಸಾಧು ನಾಯಿ ಇದ್ದಕ್ಕಿದ್ದಂತೆ ಕಂಡಕಂಡದ್ದನ್ನು ಕಚ್ಚುವುದು, ಬೊಗಳುವ ದನಿ ಒಡೆಯುವುದು, ಜೊಲ್ಲು ಸುರಿಸುವುದು ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ಲಕ್ಷಣಗಳು. ಕೆಲವು ನಾಯಿಗಳು ರೇಗುವುದೇ ಇಲ್ಲ. ಕತ್ತಲ ಮೂಲೆ ಸೇರುತ್ತವೆ, ಕೆಳದವಡೆ ಜೋತುಬೀಳುತ್ತದೆ. ಮೂಳೆ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕಬೇಡಿ.

ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಎಲ್ಲ ಚುಚ್ಚುಮದ್ದುಗಳನ್ನೂ ಪೂರ್ತಿ ಹಾಕಿಸಿಕೊಳ್ಳಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಈ ಕಾಯಿಲೆ ವಾಸಿಯಾಗುವುದಿಲ್ಲ. ಸಾಕಿದ ನಾಯಿಯೇ ತಾನೇ ಎಂದು ಉದಾಸೀನ ಮಾಡಬೇಡಿ.

ರಾಸುವಿಗೆ ನಾಯಿ ಕಚ್ಚಿದರೆ

ಕೈಗವಸು ಹಾಕಿಕೊಂಡು ಗಾಯವನ್ನು ಇದೇ ರೀತಿ ತೊಳೆದು, ಅಂದೇ ಪಶುವೈದ್ಯರನ್ನು ಕಾಣಿ. ಕಚ್ಚಿದ ಮೇಲೆ ಕೊಡುವ ಲಸಿಕೆಯನ್ನು ಸಾಮಾನ್ಯವಾಗಿ ಮೊದಲ ದಿನ ಒಂದು, ಅಲ್ಲಿಂದ 3, 7, 14, 28ನೇ ದಿನಗಳಂದು ಒಂದೊಂದು ಹಾಕುತ್ತಾರೆ. ಗಾಯ ಮಾಯಿತೆಂದು ನಡುವೆ ನಿಲ್ಲಿಸಬೇಡಿ. ವಾರಗಳು, ತಿಂಗಳುಗಳು ಕಳೆದ ಮೇಲೂ ರೋಗ ಕಾಣಿಸಿಕೊಳ್ಳಬಹುದು.

ಹಸು ದನಿ ಬದಲಾಗಿ ಪದೇ ಪದೇ ಕೂಗುತ್ತಿದ್ದರೆ, ಜೊಲ್ಲು ಸುರಿಸುತ್ತ ಮೇವು ನೀರು ನುಂಗಲಾರದಿದ್ದರೆ, ಹಿಂಗಾಲು ತಡವರಿಸಿದರೆ ರೇಬೀಸ್ ಇರಬಹುದು. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕಿ ನೋಡುವುದು ನಮ್ಮಲ್ಲಿ ವಾಡಿಕೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಜೊಲ್ಲಿನಲ್ಲಿ ರೋಗಾಣು ಇರುತ್ತದೆ. ಹಸುವನ್ನು ಬೇರೆ ಕಟ್ಟಿ, ಹಾಲು ಕರೆಯುವುದನ್ನು ನಿಲ್ಲಿಸಿ, ಪಶುವೈದ್ಯರಿಗೆ ತಿಳಿಸಿ. ಅದರ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ. ಈಗಾಗಲೇ ಜೊಲ್ಲು ಮುಟ್ಟಿದ್ದರೆ, ಹಸಿ ಹಾಲು ಕುಡಿದಿದ್ದರೆ ವೈದ್ಯರಿಗೆ ಹೇಳಿ.

ವರ್ಷಕ್ಕೊಮ್ಮೆ ನಾಯಿಗೆ ಹಾಕಿಸುವ ಒಂದು ಲಸಿಕೆ ಮನೆಯ ಮಕ್ಕಳನ್ನೂ ಕೊಟ್ಟಿಗೆಯ ರಾಸುಗಳನ್ನೂ ಕಾಯುತ್ತದೆ. ಮುಂದಿನ ಬಾರಿ ಪಶು ಆಸ್ಪತ್ರೆಗೆ ಹೋಗುವಾಗ ನಾಯಿಯನ್ನೂ ಜೊತೆಗೆ ಕರೆದೊಯ್ಯಿರಿ.