ಬೇಸಿಗೆಯ ಬ್ರಾಯ್ಲರ್: ಪುಡಿಗಿಂತ ಮೊದಲು ನೀರಿನ ಟ್ಯಾಂಕ್ ನೋಡಿ

ನಮ್ಮ ಜಂಗಮಕೋಟೆ ಕಡೆ ಕಂಪನಿಯ ಒಪ್ಪಂದದಲ್ಲಿ ಬ್ರಾಯ್ಲರ್ ಸಾಕುವವರಿಗೆ ಫೀಡ್ ಹೊಲಿದ ಚೀಲದಲ್ಲೇ ಬರುತ್ತದೆ. ಅದರಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಬೇರೆ. ಹಾಗಾಗಿ ಏಪ್ರಿಲ್-ಮೇ ಬಿಸಿಲಿಗೆ ಯಾವ ಪುಡಿ ಬೆರೆಸಲಿ ಎಂದು ಕೇಳುವ ಮೊದಲು, ಸಾಕುವವರ ಕೈಯಲ್ಲೇ ಇರುವ ಎರಡು ಸಂಗತಿ ಸರಿಯಾಗಬೇಕು: ಮೇವಿನ ಹೊತ್ತು ಮತ್ತು ಕುಡಿಯುವ ನೀರು.

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಶೆಡ್ಡಿನ ಬಿಸಿ 30 ಡಿಗ್ರಿ ದಾಟಿತೆಂದರೆ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಆ ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ, ಮೈಯ ಲವಣಗಳು ಸೋರುತ್ತವೆ. ಮಾರಾಟದ ತೂಕಕ್ಕೆ ಬಂದ ದೊಡ್ಡ ಹಕ್ಕಿಗಳೇ ಹೆಚ್ಚು ಸಾಯುವುದು. ಇಡೀ ಬ್ಯಾಚಿನ ಖರ್ಚು ಅವುಗಳ ಮೈಯಲ್ಲಿರುತ್ತದೆ.

ತಿಂದ ಮೇವು ಅರಗುವಾಗ ಹುಟ್ಟುವ ಬಿಸಿ ನಾಲ್ಕೈದು ಗಂಟೆ ಕಳೆದ ಮೇಲೆ ಹೆಚ್ಚುತ್ತದೆ. ಬೆಳಗ್ಗೆ 10ಕ್ಕೆ ಹೊಟ್ಟೆ ತುಂಬಿಸಿಕೊಂಡ ಹಕ್ಕಿ ಮಧ್ಯಾಹ್ನ 2-3ರ ಹೊತ್ತಿಗೆ ಒಳಗೂ ಹೊರಗೂ ಬೇಯುತ್ತದೆ. ಆದ್ದರಿಂದ ನಸುಕಿನ 4ಕ್ಕೆ ದೀಪ ಹಾಕಿ ಮೇವು ಕೊಡಿ. 10ಕ್ಕೆ ಸಾಕಷ್ಟು ಮೊದಲೇ ಫೀಡರ್ ಮೇಲೆತ್ತಿ, ಬಿಸಿಲು ಇಳಿದ ಮೇಲೆ, ಸಂಜೆ 5ರ ಹೊತ್ತಿಗೆ ಇಳಿಸಿ. ಎಲ್ಲವನ್ನೂ ಒಟ್ಟಿಗೇ ಇಳಿಸಬೇಕು, ಇಲ್ಲದಿದ್ದರೆ ಹಸಿದ ಕೋಳಿಗಳು ಒಂದರ ಮೇಲೊಂದು ಬೀಳುತ್ತವೆ.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ತಂಪು ಕಾಲದಲ್ಲಿ ಕಿಲೋ ಮೇವಿಗೆ ಎರಡು ಲೀಟರ್ ಕುಡಿಯುವ ಹಕ್ಕಿಗೆ ಕಡು ಬೇಸಿಗೆಯಲ್ಲಿ ನಾಲ್ಕೂ ಬೇಕಾಗಬಹುದು. ಆದರೆ ಬಿಸಿಲಿನಲ್ಲಿ ನಿಂತ ಕಪ್ಪು ಟ್ಯಾಂಕಿನ ಬಿಸಿನೀರನ್ನು ಅದು ಮುಟ್ಟುವುದಿಲ್ಲ. ಟ್ಯಾಂಕಿಗೆ ನೆರಳು ಮಾಡಿ, ಒದ್ದೆ ಗೋಣಿಚೀಲ ಸುತ್ತಿ. ಮಧ್ಯಾಹ್ನ ಪೈಪಿನಲ್ಲಿ ನಿಂತ ನೀರನ್ನು ಹೊರಬಿಟ್ಟು ಹೊಸ ನೀರು ಹರಿಸಿ.

ಇನ್ನು ಪೂರಕಗಳು. ವಿಟಮಿನ್ ಸಿ ಪ್ರಮಾಣ ಕಿಲೋ ಮೇವಿಗೆ 200-250 ಮಿಲಿಗ್ರಾಂ. ಸಾವಿರ ಹಕ್ಕಿ ದಿನಕ್ಕೆ 150 ಕಿಲೋ ತಿನ್ನುತ್ತಿದ್ದರೆ ಸುಮಾರು 30-37 ಗ್ರಾಂ ಆಯಿತು. ಇದನ್ನು ಬೆಳಗಿನ ನೀರಿಗೆ ಆಗಷ್ಟೇ ಬೆರೆಸಿ ಕೊಡಿ. ಕ್ಲೋರಿನ್ ಹಾಕಿದ ನೀರಿನಲ್ಲಿ ಅದು ಬೇಗ ಕೆಡುತ್ತದೆ. ಮಧ್ಯಾಹ್ನಕ್ಕೆ ಎಲೆಕ್ಟ್ರೊಲೈಟ್ ಪುಡಿ, ಅಥವಾ ಲೀಟರಿಗೆ 1 ಗ್ರಾಂ ಅಡುಗೆ ಸೋಡಾ. ಎರಡನ್ನೂ ಸೇರಿಸಬೇಡಿ, ಸೋಡಾವನ್ನು ವಿಟಮಿನ್ ಸಿ ಇರುವ ಟ್ಯಾಂಕಿಗೂ ಹಾಕಬೇಡಿ. ನಮ್ಮ ಆಳದ ಬೋರ್‌ವೆಲ್ ನೀರಿನಲ್ಲಿ ಲವಣ ಮೊದಲೇ ಹೆಚ್ಚಿರಬಹುದು, ಆದ್ದರಿಂದ ಒಮ್ಮೆ ನೀರು ಪರೀಕ್ಷೆ ಮಾಡಿಸಿ, ಪಶುವೈದ್ಯರನ್ನು ಕೇಳಿಯೇ ಆರಂಭಿಸುವುದು ಕ್ಷೇಮ.

ಸ್ವಂತ ಫೀಡ್ ಮಾಡಿಸುವವರು ಟನ್ನಿಗೆ 1-2 ಕಿಲೋ ಬೀಟೈನ್ ಸೇರಿಸಬಹುದು. ಕಂಪನಿ ಫೀಡ್ ತಿನ್ನಿಸುವವರು ಸೂಪರ್‌ವೈಸರನ್ನು ಒಂದು ಪ್ರಶ್ನೆ ಕೇಳಲೇಬೇಕು: ಇದರಲ್ಲಿ ನೈಕಾರ್ಬಜಿನ್ ಇದೆಯೇ? ರಕ್ತಭೇದಿ ತಡೆಯುವ ಈ ಔಷಧ ಕಡು ಬಿಸಿಲಿನಲ್ಲಿ ಸಾವನ್ನು ಹೆಚ್ಚಿಸುತ್ತದೆ.

ನಮ್ಮ ಒಣ ಹವೆಗೆ ನೀರನ್ನು ಮಂಜಿನಂತೆ ಚಿಮ್ಮಿಸುವ ಫಾಗರ್ ಚೆನ್ನಾಗಿ ಒಗ್ಗುತ್ತದೆ, ಗಾಳಿ ಆಡುತ್ತಿದ್ದರೆ ಮಾತ್ರ. ಸಂಜೆ ಮಳೆ ಬಂದು ಸೆಕೆ ಕವಿದರೆ ಫಾಗರ್ ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ. ಹಕ್ಕಿ ಹಿಡಿದು ಲಾರಿಗೆ ತುಂಬುವುದು ರಾತ್ರಿಯೇ ಆಗಲಿ, ಹಿಡಿಯುವವರೆಗೂ ನೀರು ನಿಲ್ಲಿಸಬೇಡಿ.